ಫೇಲಾದ ಮೇಷ್ಟ್ರು, ಬಟಾಣಿಯ ಲೆಕ್ಕ

ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, ಎರಡನೇ ಸಲ ಅನಾರೋಗ್ಯದಿಂದ ಅರ್ಧಕ್ಕೇ ಬಿಟ್ಟು ಬಂದವರ ಹೆಸರು ಇಂದು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿದೆ. ಅವರೇ ಗ್ರೆಗರ್ ಮೆಂಡೆಲ್.

ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ, ಈಗಿನ ಚೆಕ್ ಗಣರಾಜ್ಯದ ಪುಟ್ಟ ಹಳ್ಳಿಯೊಂದರಲ್ಲಿ 1822ರಲ್ಲಿ ಹುಟ್ಟಿದ ರೈತನ ಮಗ. ತಂದೆ ಮರ ಬಿದ್ದು ಗಾಯಗೊಂಡ ಮೇಲೆ ಓದು ನಿಲ್ಲುವಂತಾಯಿತು. ಆಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ಹಣದಲ್ಲಿ ಒಂದು ಪಾಲನ್ನು ಅಣ್ಣನಿಗೆ ಕೊಟ್ಟಳು. ಮುಂದೆ 1843ರಲ್ಲಿ ಅವರು ಬ್ರನೋ ನಗರದ ಕ್ರೈಸ್ತ ಮಠ ಸೇರಿದರು.

1850ರಲ್ಲಿ ಪರೀಕ್ಷೆ ಕೈಕೊಟ್ಟಿತು. ಮಠ ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳಿಸಿತು. ಅಲ್ಲಿ ಡಾಪ್ಲರ್ ಅವರ ಬಳಿ ಭೌತಶಾಸ್ತ್ರ, ಉಂಗರ್ ಅವರ ಬಳಿ ಸಸ್ಯಶಾಸ್ತ್ರ ಕಲಿತರು. ಗಿಡಗಳ ಪ್ರಶ್ನೆಯನ್ನು ಗಣಿತದ ಕಣ್ಣಿನಿಂದ ನೋಡುವ ಅಭ್ಯಾಸಕ್ಕೆ ಈ ಓದು ನೆರವಾಯಿತು.

1856ರಲ್ಲಿ ಮಠದ ತೋಟದಲ್ಲಿ ಬಟಾಣಿ ಪ್ರಯೋಗ ಶುರುವಾಯಿತು. ಹೂವಿನ ಕೇಸರ ತೆಗೆದು, ಇನ್ನೊಂದು ಗಿಡದ ಪರಾಗ ಸವರುವ ತಾಳ್ಮೆಯ ಕೆಲಸ. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಸಂಕರ ಮಾಡಿದಾಗ ಸಿಕ್ಕ ಕಾಳುಗಳೆಲ್ಲ ದುಂಡು. ಸುಕ್ಕು ಎಲ್ಲಿ ಹೋಯಿತು? ಆ ಕಾಳು ಬಿತ್ತಿ ಬೆಳೆದ ಗಿಡಗಳಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಎಣಿಸಿದ 7,324 ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು. ಅಂದರೆ ಸುಮಾರು ಮೂರಕ್ಕೆ ಒಂದು.

ಮೆಂಡೆಲ್ ಕಂಡುಕೊಂಡ ಕಾರಣ ಸರಳ. ಪ್ರತಿ ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶ ಬರುತ್ತದೆ. ದುಂಡು ಪ್ರಬಲ, ಒಂದೇ ಇದ್ದರೂ ಕಾಣುತ್ತದೆ. ಸುಕ್ಕು ದುರ್ಬಲ, ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುತ್ತದೆ. ಎರಡು ನಾಣ್ಯ ಚಿಮ್ಮಿ ನೋಡಿ, ಎರಡೂ ಹೂವೇ ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸುಕ್ಕಿನ ಲೆಕ್ಕವೂ ಅಷ್ಟೆ.

ಹಾಗಾದರೆ ಎರಡನೇ ಪೀಳಿಗೆಯ ದುಂಡು ಕಾಳುಗಳಲ್ಲಿ ಮೂರರಲ್ಲಿ ಎರಡು ಪಾಲು ಒಳಗೆ ಸುಕ್ಕನ್ನು ಬಚ್ಚಿಟ್ಟುಕೊಂಡಿರಬೇಕು. ಅಂಥ ಕಾಳುಗಳಿಂದ ಬೆಳೆಸಿದ 565 ಗಿಡಗಳಲ್ಲಿ 193 ದುಂಡನ್ನಷ್ಟೇ ಕೊಟ್ಟವು, 372 ಎರಡೂ ಬಗೆಯನ್ನು ಕೊಟ್ಟವು. ಲೆಕ್ಕ ಕೂಡಿಬಂತು. ಮುಂದಿನ ಪೀಳಿಗೆಯಲ್ಲಿ ಯಾವ ಗುಣ ಎಷ್ಟು ಪಾಲು ಬರುತ್ತದೆಂದು ಬಿತ್ತುವ ಮೊದಲೇ ಹೇಳುವ ದಾರಿ ತೆರೆಯಿತು.

1865ರಲ್ಲಿ ಬ್ರನೋದ ವಿಜ್ಞಾನ ಸಂಘದಲ್ಲಿ ಎರಡು ಉಪನ್ಯಾಸ ಕೊಟ್ಟರು, ಮರುವರ್ಷ ಪ್ರಬಂಧ ಅಚ್ಚಾಯಿತು. ಅದರ ಮಹತ್ವ ಯಾರಿಗೂ ಹೊಳೆಯಲಿಲ್ಲ. 1868ರಲ್ಲಿ ಮಠದ ಮುಖ್ಯಸ್ಥರಾದ ಮೇಲೆ ಆಡಳಿತದ ಹೊರೆ, ಸರ್ಕಾರದ ಜತೆ ತೆರಿಗೆ ಜಗಳ. 1884ರಲ್ಲಿ ತೀರಿಕೊಂಡರು. 1900ರಲ್ಲಿ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ತಮ್ಮ ತಮ್ಮ ಪ್ರಯೋಗಗಳ ನಂಟಿನಲ್ಲಿ ಆ ಪ್ರಬಂಧವನ್ನು ಬೆಳಕಿಗೆ ತಂದರು.

ಹೆಸರು ಬರಲು 34 ವರ್ಷ ಹಿಡಿಯಿತು. ತಂಗಿಯ ಋಣ ತೀರಿಸಲು ಮಾತ್ರ ಮೆಂಡೆಲ್ ಕಾಯಲಿಲ್ಲ. ಅವಳ ಮೂವರು ಗಂಡುಮಕ್ಕಳ ಓದಿಗೆ ತಾವೇ ನೆರವಾದರು. ಫಲಿತಾಂಶದ ಪಟ್ಟಿಯಲ್ಲಿ ಹೆಸರು ಕಾಣದೆ ಕುಗ್ಗಿದ ಗೆಳೆಯರೇ, ಕಾಣದ್ದೆಲ್ಲ ಇಲ್ಲವೆಂದಲ್ಲ ಎಂಬುದನ್ನು ಆ ಸುಕ್ಕು ಬಟಾಣಿಯೇ ಹೇಳುತ್ತದೆ.