ಶಾಸನಗಳ ನ್ಯಾಯಾಧೀಶ ರೈಸ್

ಕನ್ನಡ ನಾಡಿನ ಚರಿತ್ರೆಯನ್ನು ಓದುವವರೆಲ್ಲರೂ ಬೆಂಜಮಿನ್ ಲೂಯಿ ರೈಸರಿಗೆ ಋಣಿಗಳು. ಅವರು 1837ರಲ್ಲಿ ಬೆಂಗಳೂರಿನಲ್ಲೇ ಜನಿಸಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ರೈಸರು ಮೊದಲು ಉಪಾಧ್ಯಾಯರಾಗಿ, ಬಳಿಕ ವಿದ್ಯಾ ಇಲಾಖೆಯ ಅಧಿಕಾರಿಯಾಗಿ, ಕಡೆಗೆ ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿ ದುಡಿದರು. ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದರು. ಆದರೆ ನನಗೆ ಆ ಸಂಖ್ಯೆಗಿಂತ ಹಿರಿದಾಗಿ ತೋರುವುದು, ಪೂರ್ತಿ ನಂಬಲಾಗದ ಸಾಕ್ಷಿಗಳಿಂದಲೂ ಸತ್ಯವನ್ನು ಸೋಸಲು ಅವರು ಪಟ್ಟ ಪಾಡು.

ಹಲಸೂರಿನ ದಕ್ಷಿಣಕ್ಕೆ, ಇಂದಿರಾನಗರದ ಮಗ್ಗುಲಲ್ಲಿರುವ ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ತಮಿಳು ಶಾಸನಗಳನ್ನೇ ನೋಡೋಣ. ರೈಸರ ಒಂಬತ್ತನೆಯ ಸಂಪುಟದಲ್ಲಿ ಅವು ಅಚ್ಚಾಗಿವೆ. ಊರಿಗೆ ಅಲ್ಲಿ ತೊಂಬಲೂರೆಂದೂ ದೇಶಿಮಾಣಿಕ್ಕಪಟ್ಟಣವೆಂದೂ ಹೆಸರು. ಊರಿನ ಹೆಸರನ್ನು ತಿರುಚಿ ಬರೆದರೆ ಯಾರಿಗೇನು ಲಾಭ? ಅದನ್ನು ನಂಬಬಹುದು. ಶಾಸನಗಳಲ್ಲಿ ಬರುವ ದೊರೆಗಳ ಬಿರುದಾವಳಿಯನ್ನು ಹಾಗೆ ನಂಬಲಾಗದು. ಒಂದೇ ಕಲ್ಲಿನ ಎಲ್ಲ ಸಾಲುಗಳಿಗೂ ಒಂದೇ ತೂಕವಿಲ್ಲ.

ಗಂಗರ ತಾಮ್ರಶಾಸನಗಳ ವಿಷಯ ಇನ್ನೂ ಕಠಿನ. 466ರದೆಂದು ಎಣಿಸಲಾದ ಮಡಿಕೇರಿಯ ತಾಮ್ರಪಟವನ್ನು ರೈಸರು ನಂಬಿದರು. ಫ್ಲೀಟರು ಅದರ ಲಿಪಿ ಬಹಳ ಈಚಿನದೆಂದು ತೋರಿಸಿ, ಅಂಥವನ್ನೆಲ್ಲ ಕೂಟಶಾಸನಗಳೆಂದು ತಳ್ಳಿಹಾಕಿದರು. ಹಲವು ಪಟಗಳ ವಂಶಾವಳಿ ಹೊಂದುತ್ತದೆಂಬುದು ರೈಸರ ಆಸರೆ. ಆದರೆ ಒಂದೇ ಮೂಲದಿಂದ ನಕಲಾದ ಹತ್ತು ಪತ್ರಗಳು ಹತ್ತು ಸಾಕ್ಷಿಗಳಾಗಲಾರವು. ಮುಂದೆ ಪೆನುಕೊಂಡೆಯ ತಾಮ್ರಪಟ ದೊರೆತಾಗ ಫ್ಲೀಟರೂ ಅದನ್ನು ನಿಜವೆಂದು ಒಪ್ಪಿದರು. ಮಡಿಕೇರಿಯ ಪಟದ ಮೇಲಿನ ಸಂಶಯ ಇದರಿಂದ ಅಳಿಯಲಿಲ್ಲ; ಆದರೆ ಪ್ರಾಚೀನ ಗಂಗರು ಬರಿಯ ಕಟ್ಟುಕಥೆಯಲ್ಲವೆಂಬುದು ಸ್ಥಿರವಾಯಿತು.

ಚಂದ್ರಗುಪ್ತ ಮೌರ್ಯನು ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದನೆಂಬ ಜೈನ ಐತಿಹ್ಯವನ್ನೂ ಅವರು ಎತ್ತಿಹಿಡಿದರು. ಅದನ್ನು ಹೇಳುವ ಬರಹಗಳು ಆ ಕಾಲಕ್ಕೆ ಶತಮಾನಗಳಷ್ಟು ಈಚಿನವು. 1892ರಲ್ಲಿ ಬ್ರಹ್ಮಗಿರಿಯ ಸುತ್ತ ಅವರೇ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಮೌರ್ಯರ ಆಳ್ವಿಕೆ ಇಲ್ಲಿಯವರೆಗೆ ಬಂದಿತ್ತೆಂಬುದಕ್ಕೆ ಅದು ಸ್ವತಂತ್ರ ಪ್ರಮಾಣ. ಐತಿಹ್ಯದ ಸಂಭಾವ್ಯತೆ ಅದರಿಂದ ಹೆಚ್ಚಿತು, ಸಿದ್ಧವಾಗಲಿಲ್ಲ.

ರೈಸರು 1927ರಲ್ಲಿ ಇಂಗ್ಲೆಂಡಿನ ಹ್ಯಾರೋದಲ್ಲಿ ತೀರಿಕೊಂಡರು. ಅವರ ತೀರ್ಮಾನಗಳಲ್ಲಿ ಕೆಲವು ಬಿದ್ದಿವೆ, ಕೆಲವು ನಿಂತಿವೆ. ಆದರೆ ಅವರು ತೀರ್ಮಾನವನ್ನಷ್ಟೇ ಬಿಟ್ಟುಹೋಗಲಿಲ್ಲ; ಮೂಲಪಾಠವನ್ನೂ ಅನುವಾದವನ್ನೂ ಜೊತೆಗೇ ಅಚ್ಚುಹಾಕಿಸಿದರು. ಅವರನ್ನು ಸಂಶಯಿಸುವವನಿಗೂ ಬೇಕಾದ ಸಾಮಗ್ರಿ ಅವರಿಂದಲೇ ದೊರೆಯುತ್ತದೆ. ಚರಿತ್ರೆಯ ವಿದ್ಯಾರ್ಥಿಗಳು ಅವರಿಂದ ಮೊದಲು ಕಲಿಯಬೇಕಾದುದು ಈ ಪ್ರಾಮಾಣಿಕತೆಯನ್ನೆಂದು ನಾನು ಭಾವಿಸುತ್ತೇನೆ.