ಮಣ್ಣಿನ ಮನೆಗೆ ಮರ್ಯಾದೆ ತಂದ ಹಸನ್ ಫತಿ

ಕಾಲೇಜಿನಲ್ಲಿ ಸಿಗದ ಪಾಠ ಕೆಲವೊಮ್ಮೆ ಓದು ಬರಹ ಬಾರದವರ ಕೈಯಲ್ಲಿರುತ್ತದೆ. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತಿ ಅವರ ಬದುಕು ಇದಕ್ಕೆ ಒಳ್ಳೆಯ ಉದಾಹರಣೆ.

1900ರಲ್ಲಿ ಅಲೆಕ್ಸಾಂಡ್ರಿಯಾದ ಸ್ಥಿತಿವಂತ ಕುಟುಂಬದಲ್ಲಿ ಹುಟ್ಟಿದ ಫತಿ, 1926ರಲ್ಲಿ ಕೈರೊದಲ್ಲಿ ಪದವಿ ಪಡೆದರು. ಆಗ ಅಲ್ಲಿನ ಉಳ್ಳವರಿಗೆ ಯುರೋಪ್ ಮಾದರಿಯ ಮನೆಗಳೇ ಬೇಕಿದ್ದವು. ಬಡ ರೈತರಿಗೆ ಸಿಮೆಂಟ್, ಕಬ್ಬಿಣ ಕೊಳ್ಳುವ ಶಕ್ತಿಯಿರಲಿಲ್ಲ. ಅವರ ಕಾಲ ಕೆಳಗಿನ ಮಣ್ಣಿನಿಂದಲೇ ಚೆಂದದ ಮನೆ ಕಟ್ಟಬಹುದೆಂದು ಫತಿ ನಂಬಿದರು. ಗೋಡೆಗೆ ಹಸಿ ಇಟ್ಟಿಗೆ ಸಾಕು. ತೊಡಕಿದ್ದದ್ದು ಚಾವಣಿಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಮರ ಸಿಗುತ್ತಿರಲಿಲ್ಲ. ಮರದ ಆಸರೆಯಿಲ್ಲದೆ ಕಟ್ಟಿಸಿದ ಕಮಾನುಗಳು ಕುಸಿದುಬಿದ್ದವು.

ಉತ್ತರ ಸಿಕ್ಕಿದ್ದು ಅಸ್ವಾನ್ ಬಳಿಯ ನ್ಯೂಬಿಯನ್ ಹಳ್ಳಿಗಳಲ್ಲಿ. ಅಲ್ಲಿನ ಗಾರೆ ಕೆಲಸದವರು ಮೊದಲು ಹಿಂಬದಿಯ ಗೋಡೆ ಎಬ್ಬಿಸಿ, ಹುಲ್ಲು ಬೆರೆಸಿದ ಹಗುರ ಇಟ್ಟಿಗೆಗಳನ್ನು ಅದಕ್ಕೆ ಓರೆಯಾಗಿ ಆನಿಸುತ್ತಿದ್ದರು. ಒಂದು ಸಾಲಿನ ಮೇಲೆ ಮತ್ತೊಂದು ಸಾಲು ಒರಗುತ್ತಾ ಕಮಾನು ಮುಂದಕ್ಕೆ ಬೆಳೆಯುತ್ತಿತ್ತು. ಒಂದು ತುಂಡು ಮರವೂ ಬೇಕಿರಲಿಲ್ಲ. ಫತಿ ಅವರನ್ನೇ ಗುರುಗಳೆಂದು ಕರೆತಂದರು.

1946ರಲ್ಲಿ ಲಕ್ಸರ್ ಬಳಿ ನ್ಯೂ ಗುರ್ನಾ ಗ್ರಾಮದ ಕೆಲಸ ಶುರುವಾಯಿತು. ಪ್ರಾಚೀನ ಸಮಾಧಿಗಳ ಮೇಲೆ ವಾಸವಿದ್ದ ಜನರನ್ನು ಅಲ್ಲಿಗೆ ಸ್ಥಳಾಂತರಿಸುವುದು ಸರ್ಕಾರದ ಉದ್ದೇಶವಾಗಿತ್ತು. ಬಿಸಿಲನ್ನು ತಡೆಯುವ ದಪ್ಪ ಗೋಡೆ, ಮನೆಯವರ ಖಾಸಗಿತನ ಕಾಯುವ ಒಳಾಂಗಳ, ಮೇಲಿನ ಗಾಳಿಯನ್ನು ಒಳಕ್ಕೆಳೆಯುವ ಗಾಳಿಗೂಡು, ಊರಿಗೊಂದು ಮಸೀದಿ, ಸಂತೆಕಟ್ಟೆ, ರಂಗಮಂದಿರ... ಹೀಗೆ ಇಸ್ಲಾಮಿಕ್ ನಗರಗಳ ಹಳೆಯ ಜಾಣ್ಮೆಯನ್ನು ಫತಿ ಬಡವರ ಮನೆಬಾಗಿಲಿಗೆ ತಂದರು.

ಆದರೆ ಜನ ಬರಲಿಲ್ಲ. ಅವರ ಜೀವನೋಪಾಯ ಹಳೆಯ ಊರಿಗೇ ಅಂಟಿಕೊಂಡಿತ್ತು. ಸಮಾಧಿಗಳಲ್ಲಿ ಸಿಗುವ ಪುರಾತನ ವಸ್ತುಗಳ ಮಾರಾಟದಿಂದಲೇ ಹಲವರ ಹೊಟ್ಟೆ ತುಂಬುತ್ತಿತ್ತು. ಸ್ಥಳಾಂತರ ಸರ್ಕಾರದ ತೀರ್ಮಾನವಾಗಿತ್ತೇ ಹೊರತು ಅವರದ್ದಲ್ಲ. ಗುಮ್ಮಟ ಸಂತರ ಗೋರಿಗೆ ಸರಿ, ಮನೆಗಲ್ಲ ಎಂಬ ಭಾವನೆಯೂ ಇತ್ತು. ಕೆಲವೇ ವರ್ಷಗಳಲ್ಲಿ ಕೆಲಸ ಅರ್ಧಕ್ಕೇ ನಿಂತಿತು.

ಫತಿ ಆ ಸೋಲನ್ನು ಬಚ್ಚಿಡದೆ ಪುಸ್ತಕವಾಗಿಸಿದರು. 1973ರಲ್ಲಿ 'ಆರ್ಕಿಟೆಕ್ಚರ್ ಫಾರ್ ದ ಪೂರ್' ಹೆಸರಿನಲ್ಲಿ ಬಂದ ಅದರ ಇಂಗ್ಲಿಷ್ ಆವೃತ್ತಿ ಅವರನ್ನು ಜಗತ್ತಿಗೆ ಪರಿಚಯಿಸಿತು. 1980ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಧ್ಯಕ್ಷರ ವಿಶೇಷ ಗೌರವವೂ ಸಂದವು. ಎಂಬತ್ತರ ವಯಸ್ಸಿನಲ್ಲಿ ನ್ಯೂಬಿಯನ್ ಕುಶಲಕರ್ಮಿಗಳ ಜೊತೆ ಅಮೆರಿಕದ ನ್ಯೂ ಮೆಕ್ಸಿಕೊಗೆ ಹೋಗಿ ಮಣ್ಣಿನ ಮಸೀದಿ ಕಟ್ಟಿಸಿದರು. 1989ರಲ್ಲಿ ಕೈರೊದಲ್ಲಿ ನಿಧನರಾದರು.

ಕಡಿಮೆ ಖರ್ಚಿನ, ತಂಪಾದ ಮನೆಗಳ ವಿನ್ಯಾಸ ಕಲಿಯುತ್ತಿರುವ ಇಂದಿನ ಯುವಕರಿಗೆ ಫತಿ ಅವರ ಗೆಲುವಿನಷ್ಟೇ ಸೋಲೂ ಮುಖ್ಯ. ಕಟ್ಟುವ ಕೈಗಳಿಂದ ಕಲಿತರಷ್ಟೇ ಸಾಲದು, ಅಲ್ಲಿ ಬಾಳುವವರ ಒಪ್ಪಿಗೆಯನ್ನೂ ಅವರ ದುಡಿಮೆಯ ದಾರಿಯನ್ನೂ ಮೊದಲೇ ಕೇಳಬೇಕು. ನಕ್ಷೆ ಬರೆಯುವುದು ಆಮೇಲಿನ ಮಾತು.