ವಾಸುದೇವಾಚಾರ್ಯರ ಸಂಗೀತ ಜೀವನ ಮತ್ತು ಇಳಿವಯಸ್ಸಿನ ರಂಗಕಾರ್ಯ

ಮೈಸೂರು ವಾಸುದೇವಾಚಾರ್ಯರು (1865–1961) ತಮ್ಮ ಕೃತಿಗಳನ್ನು ಬಹುಪಾಲು ತೆಲುಗು ಹಾಗೂ ಸಂಸ್ಕೃತದಲ್ಲಿ ರಚಿಸಿದರು. ಕನ್ನಡ ಸಾಹಿತ್ಯ ಚರ್ಚೆಯಲ್ಲಿ ಅವರ ಹೆಸರು ವಿರಳವಾಗಿ ಕೇಳಿಬರುವುದಕ್ಕೆ ಇದೇ ಕಾರಣವಿರಬೇಕು. ಆದರೆ ಈ ಭಾಷಾ ಆಯ್ಕೆಯನ್ನು ಕನ್ನಡದ ಉಪೇಕ್ಷೆಯೆಂದು ಭಾವಿಸುವುದು ಉಚಿತವಲ್ಲ.

ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಅವರು ಮೈಸೂರಿನಲ್ಲಿ ಸಂಸ್ಕೃತಾಧ್ಯಯನದ ಜೊತೆಗೆ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತಾಭ್ಯಾಸ ಮಾಡಿದರು. ಬಳಿಕ ಹತ್ತನೆಯ ಚಾಮರಾಜ ಒಡೆಯರ ನೆರವಿನಿಂದ ತಿರುವೈಯಾರಿಗೆ ತೆರಳಿ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಗುರುಕುಲವಾಸ ನಡೆಸಿದರು. ಅಯ್ಯರ್ ಅವರ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ತ್ಯಾಗರಾಜರ ಶಿಷ್ಯರು. ತೆಲುಗು ಅವರಿಗೆ ದೊರೆತದ್ದು ಈ ಪರಂಪರೆಯ ಭಾಷೆಯಾಗಿ. ಮೈಸೂರಿಗೆ ಮರಳಿ ಆಸ್ಥಾನ ವಿದ್ವಾಂಸರಾದರು. 'ವಾಸುದೇವ' ಅಂಕಿತದ ಅವರ ಖಮಾಚ್ ರಾಗದ ಕೃತಿಯೊಂದನ್ನು ಕೇಳದ ಸಂಗೀತಾಸಕ್ತರು ಕಡಿಮೆ.

ತಮ್ಮ ಕಾಲದ ಗಾಯಕರನ್ನು, ಅವರ ವೈಭವವನ್ನೂ ದೌರ್ಬಲ್ಯವನ್ನೂ ಚಿತ್ರಿಸಲು ಮಾತ್ರ ಆಚಾರ್ಯರು ಕನ್ನಡ ಗದ್ಯವನ್ನೇ ಆರಿಸಿಕೊಂಡರು. 'ನಾ ಕಂಡ ಕಲಾವಿದರು' ಸಂಗೀತ ಚರಿತ್ರೆಗೆ ಆಕರವಾಗಿರುವಷ್ಟೇ ಕನ್ನಡ ವ್ಯಕ್ತಿಚಿತ್ರ ಪ್ರಕಾರಕ್ಕೂ ಸೇರಿದ್ದು. ನಮ್ಮ ಪಠ್ಯಗಳು ಅದನ್ನು ಈ ಎರಡನೆಯ ನೆಲೆಯಲ್ಲಿ ಅಷ್ಟಾಗಿ ಗಮನಿಸಿಲ್ಲ.

ಅನ್ಯರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ, ತೊಂಬತ್ತರ ಸಮೀಪದಲ್ಲಿ, ರುಕ್ಮಿಣೀದೇವಿಯವರ ಆಹ್ವಾನದ ಮೇರೆಗೆ ಅವರು ಮದರಾಸಿನ ಕಲಾಕ್ಷೇತ್ರ ಸೇರಿದರು. ಅಲ್ಲಿ ಕೈಗೊಂಡದ್ದು ವಾಲ್ಮೀಕಿ ರಾಮಾಯಣದ ನೃತ್ಯನಾಟಕ ಮಾಲಿಕೆಗೆ ಸಂಗೀತ ಸಂಯೋಜನೆ. ಕಛೇರಿಯ ಗಾಯಕನಿಗೆ ಇದು ಹೊಸ ಶಿಸ್ತು: ರಾಗವಿಸ್ತಾರವನ್ನು ಮೊಟಕುಗೊಳಿಸಿ ಪಾತ್ರದ ಚಲನೆಗೆ, ಸನ್ನಿವೇಶದ ಭಾವಕ್ಕೆ ಹೊಂದಿಸಬೇಕಿತ್ತು. ಮೊದಲ ಭಾಗವಾದ 'ಸೀತಾ ಸ್ವಯಂವರ' 1955ರಲ್ಲಿ ರಂಗವೇರಿತು. 1959ರಲ್ಲಿ ಪದ್ಮಭೂಷಣ ಬಂದಾಗಲೂ ಆಚಾರ್ಯರ ಕೆಲಸ ನಿಂತಿರಲಿಲ್ಲ. 1961ರ ಮೇ ತಿಂಗಳಲ್ಲಿ ಅವರು ನಿಧನರಾದಾಗ ಉಳಿದಿದ್ದ ಭಾಗಗಳಿಗೆ ಮೊಮ್ಮಗ ಎಸ್. ರಾಜಾರಾಂ ಸಂಗೀತ ಒದಗಿಸಿದರು.